ಕಚೇರಿಯ ದೀಪ ಆರಿಸುವವರು ಯಾರು?

ಜೂನ್ 5 ಹತ್ತಿರ ಬಂತೆಂದರೆ ನಮ್ಮ ಶಾಲೆ, ಕಾಲೇಜು, ಆಸ್ಪತ್ರೆಗಳ ಆವರಣದಲ್ಲಿ ಸಡಗರ ಶುರುವಾಗುತ್ತದೆ. ಗುಂಡಿ ತೋಡುತ್ತಾರೆ, ಅರಣ್ಯ ಇಲಾಖೆಯ ನರ್ಸರಿಯಿಂದ ಸಸಿಗಳು ಬರುತ್ತವೆ, ಪೂಜ್ಯರ ಸಾನ್ನಿಧ್ಯ, ಅಧ್ಯಕ್ಷರ ಭಾಷಣ, ಫೋಟೊ. ಇದೆಲ್ಲ ಬೇಡವೆಂದು ನಾವು ಹೇಳುವುದಿಲ್ಲ. ನೆಟ್ಟ ಸಸಿಗಳಲ್ಲಿ ಕೆಲವಾದರೂ ಮರವಾಗುತ್ತವೆ. ಆದರೆ ಜೂನ್ 6ರ ಬೆಳಿಗ್ಗೆ ಅದೇ ಆವರಣದ ಕಚೇರಿಗೆ ಹೋಗಿ ನೋಡಿ. ಯಾರೂ ಇಲ್ಲದ ಕೋಣೆಯಲ್ಲಿ ಫ್ಯಾನು ತಿರುಗುತ್ತಿರುತ್ತದೆ. ಹಗಲು ಹನ್ನೊಂದಕ್ಕೂ ಮೊಗಸಾಲೆಯ ದೀಪ ಉರಿಯುತ್ತಿರುತ್ತದೆ. ಮೇಲಿನ ತೊಟ್ಟಿ ತುಂಬಿ ಗೋಡೆಗುಂಟ ನೀರು ಇಳಿಯುತ್ತಿರುತ್ತದೆ. ನಿನ್ನೆಯ ಸಮಾರಂಭದ ಪ್ಲಾಸ್ಟಿಕ್ ಲೋಟಗಳು ಹಿತ್ತಿಲ ಮೂಲೆಯಲ್ಲಿ ಹೊಗೆಯಾಡುತ್ತಿರುತ್ತವೆ. ಪರಿಸರ ದಿನ ಒಂದು ದಿನದ್ದು. ನೌಕರಿ ವರ್ಷವಿಡೀ ನಡೆಯುವಂಥದ್ದು. ಈ ಸಂಚಿಕೆಯಲ್ಲಿ ನಾವು ಮಾತಾಡಬಯಸುವುದು ಆ ಉಳಿದ ದಿನಗಳ ಬಗ್ಗೆ.

ಲಿಂಗಾಯತ ಸಮಾಜ ಈ ನಾಡಿನ ದೊಡ್ಡ ಉದ್ಯೋಗದಾತರಲ್ಲಿ ಒಂದು ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಬಾಗಲಕೋಟೆಯ ಬಸವೇಶ್ವರ ವಿದ್ಯಾವರ್ಧಕ ಸಂಘ 1906ರಲ್ಲಿ, ಬೆಳಗಾವಿಯ ಕೆ.ಎಲ್.ಇ. ಸಂಸ್ಥೆ 1916ರಲ್ಲಿ, ಸುತ್ತೂರಿನ ಜೆ.ಎಸ್.ಎಸ್. ಮಹಾವಿದ್ಯಾಪೀಠ 1954ರಲ್ಲಿ ಹುಟ್ಟಿದವು. ಇವು ದೊಡ್ಡ ಹೆಸರುಗಳು. ಇವಲ್ಲದೆ ಪ್ರತಿ ಜಿಲ್ಲೆಯಲ್ಲೂ ಮಠಗಳ ಆಶ್ರಯದಲ್ಲಿ ಪ್ರೌಢಶಾಲೆಗಳು, ಪಾಲಿಟೆಕ್ನಿಕ್‌ಗಳು, ದವಾಖಾನೆಗಳು, ಪ್ರಸಾದ ನಿಲಯಗಳು, ಪತ್ತಿನ ಸಹಕಾರ ಸಂಘಗಳು ಇವೆ. ಅಲ್ಲಿ ಉಪನ್ಯಾಸಕರಿಂದ ಹಿಡಿದು ಅಡುಗೆಯವರು, ಚಾಲಕರು, ಗುಮಾಸ್ತರು, ಕಾವಲುಗಾರರವರೆಗೆ ಜನ ದುಡಿಯುತ್ತಾರೆ. ಅವರ ದಿನದ ಎಂಟು ಗಂಟೆ ಹೇಗೆ ಕಳೆಯುತ್ತದೆ ಎಂಬುದರಲ್ಲಿ ಈ ನಾಡಿನ ನೀರು, ವಿದ್ಯುತ್ತು, ಕಸದ ಲೆಕ್ಕವೂ ಅಡಗಿದೆ. ಯಾವ ಒಂದು ಸಂಸ್ಥೆಯತ್ತಲೂ ಇಲ್ಲಿ ಬೆರಳು ತೋರಿಸುತ್ತಿಲ್ಲ. ಸರ್ಕಾರಿ ಕಚೇರಿಗಳ ಸ್ಥಿತಿ ಇದಕ್ಕಿಂತ ಬೇರೆಯಲ್ಲ, ಖಾಸಗಿಯವರದೂ ಅಷ್ಟೆ. ಆದರೆ ದುಡಿಮೆಯನ್ನೇ ಕಾಯಕವೆಂದು ಕರೆದ ಪರಂಪರೆಯವರು ನಾವು. ಮೊದಲು ನಮ್ಮ ಅಂಗಳದ ಮಾತು ಆಡುವುದು ಲೇಸು.

ಹೊರಗಿನ ಅನ್ಯಾಯವನ್ನು ಎದುರಿಸಿ ನಿಲ್ಲುವುದು ನಮಗೆ ಗೊತ್ತಿಲ್ಲದ್ದೇನಲ್ಲ. ಗದಗ ಜಿಲ್ಲೆಯ ಹಳ್ಳಿಗುಡಿಯ ಸುತ್ತ ಪೋಸ್ಕೊ ಉಕ್ಕಿನ ಕಾರ್ಖಾನೆಗೆ ಭೂಮಿ ಕೊಡುವುದರ ವಿರುದ್ಧ 2011ರಲ್ಲಿ ರೈತರ ಜೊತೆ ತೋಂಟದ ಡಾ. ಸಿದ್ಧಲಿಂಗ ಸ್ವಾಮೀಜಿಯವರು ನಿಂತರು. ಯೋಜನೆ ಹಿಂದೆ ಸರಿಯಿತು. ಕಪ್ಪತಗುಡ್ಡದ ಉಳಿವಿಗೂ ಅವರು ದನಿ ಎತ್ತಿದರು. 2019ರಲ್ಲಿ ಕಪ್ಪತಗುಡ್ಡ ವನ್ಯಜೀವಿಧಾಮವಾದಾಗ ಅವರು ನಮ್ಮೊಂದಿಗೆ ಇರಲಿಲ್ಲ. ಅಂಥ ಹೋರಾಟದಲ್ಲಿ ಎದುರಾಳಿ ಎದುರಿಗೇ ಕಾಣುತ್ತಾನೆ. ಕಚೇರಿಯೊಳಗಿನ ಹಾಳು ಹಾಗಲ್ಲ. ಅದಕ್ಕೆ ಎದುರಾಳಿಯೇ ಇಲ್ಲ. ಎಲ್ಲರೂ ಸಜ್ಜನರೇ, ಎಲ್ಲರೂ ಸ್ವಲ್ಪಸ್ವಲ್ಪವೇ ಹಾಳು ಮಾಡುತ್ತಾರೆ.

ಮನೆಯಲ್ಲಿ ಕೋಣೆಯಿಂದ ಕೋಣೆಗೆ ಹೋಗುವಾಗ ಸ್ವಿಚ್ಚು ಆರಿಸುವ ಗುಮಾಸ್ತರೇ ಕಚೇರಿಯಲ್ಲಿ ಆರಿಸದೆ ಹೋಗುತ್ತಾರೆ. ಇದು ದುಷ್ಟತನವಲ್ಲ. ಮನೆಯ ಬಿಲ್ಲು ಅವರ ಕೈಗೆ ಬರುತ್ತದೆ, ಕಚೇರಿಯ ಬಿಲ್ಲು ಲೆಕ್ಕ ವಿಭಾಗದ ಕಡತಕ್ಕೆ ನೇರ ಹೋಗುತ್ತದೆ. ಇಪ್ಪತ್ತು ವರ್ಷ ಒಂದೇ ಕಾಲೇಜಿನಲ್ಲಿ ಪಾಠ ಮಾಡಿದವರಿಗೂ ಆ ಕಾಲೇಜು ತಿಂಗಳಿಗೆ ಎಷ್ಟು ಯೂನಿಟ್ ಉರಿಸುತ್ತದೆಂಬುದು ಗೊತ್ತಿರುವುದಿಲ್ಲ. ಕಾಣದ ಖರ್ಚಿಗೆ ಕರುಣೆ ಹುಟ್ಟುವುದಾದರೂ ಹೇಗೆ?

ಒಂದು ಲೆಕ್ಕ ಹಾಕೋಣ. ನಲವತ್ತು ಕೋಣೆಗಳ ಒಂದು ಕಾಲೇಜು, ಕೋಣೆಗೆ ನಾಲ್ಕು ಫ್ಯಾನು ಎಂದಿಟ್ಟುಕೊಳ್ಳಿ. ಹಳೆಯ ಮಾದರಿಯ ಫ್ಯಾನು ಸುಮಾರು 75 ವ್ಯಾಟಿನದು. ಮಧ್ಯಾಹ್ನದ ಊಟದ ಒಂದು ಗಂಟೆ ಯಾರೂ ಇಲ್ಲದಾಗ ಈ 160 ಫ್ಯಾನುಗಳು ತಿರುಗಿದರೆ ದಿನಕ್ಕೆ 12 ಯೂನಿಟ್. ವರ್ಷಕ್ಕೆ 200 ಕೆಲಸದ ದಿನ ಹಿಡಿದರೆ 2,400 ಯೂನಿಟ್. ನಮ್ಮ ದೇಶದ ಜಾಲದಿಂದ ಬರುವ ಒಂದು ಯೂನಿಟ್ ವಿದ್ಯುತ್ತಿನ ಹಿಂದೆ ಸರಾಸರಿ 700 ಗ್ರಾಂ ಇಂಗಾಲದ ಡೈಆಕ್ಸೈಡ್ ಇರುತ್ತದೆ. ಅಂದರೆ ಖಾಲಿ ಕುರ್ಚಿಗಳಿಗೆ ಗಾಳಿ ಬೀಸಿದ್ದಕ್ಕೆ ವರ್ಷಕ್ಕೆ ಒಂದೂವರೆ ಟನ್ನಿಗೂ ಹೆಚ್ಚು. ಆ ವಿದ್ಯುತ್ತಿನಲ್ಲಿ ಒಂದು ಭಾಗ ರಾಯಚೂರಿನ ಶಕ್ತಿನಗರದಿಂದ, ಬಳ್ಳಾರಿಯ ಕುಡತಿನಿಯಿಂದ ಬರುತ್ತದೆ. ಶಕ್ತಿನಗರದ ಸ್ಥಾವರದ ಸಾಮರ್ಥ್ಯ 1,720 ಮೆಗಾವ್ಯಾಟ್, ಕುಡತಿನಿಯದು 1,700. ಅಲ್ಲಿ ಸುಡುವುದು ಕಲ್ಲಿದ್ದಲು, ಉಳಿಯುವುದು ಹಾರುಬೂದಿ. ಆ ಊರುಗಳಲ್ಲಿ ನೆಂಟರಿರುವ ನಮ್ಮ ಓದುಗರಿಗೆ ಹೆಚ್ಚು ವಿವರಿಸಬೇಕಿಲ್ಲ.

ನೀರಿನ ಕಥೆಯೂ ಇದೇ. ಬೆಂಗಳೂರಿನ ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರ ಏರಿ ಬರುತ್ತದೆ. ಆ ಊರಿನಲ್ಲಿ ನಲ್ಲಿ ಸೋರಿದರೆ ವಿದ್ಯುತ್ತೂ ಸೋರಿದಂತೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಮರುವರ್ಷದ ಬೇಸಿಗೆಯಲ್ಲಿ ಬೆಂಗಳೂರಿನ ಜಲಮಂಡಳಿ ವಾಣಿಜ್ಯ ಕಟ್ಟಡಗಳ ನಲ್ಲಿಗಳಿಗೆಲ್ಲ ಗಾಳಿ ಬೆರೆಸಿ ನೀರಿನ ಧಾರೆ ತಗ್ಗಿಸುವ ಏರೇಟರ್ ಕಡ್ಡಾಯ ಮಾಡಿತು. ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದಿತು. ಮಳೆ ಬಂತು, ಆ ಅವಸರವೂ ತಣ್ಣಗಾಯಿತು. ಭಯದಿಂದ ಕಲಿತ ಶಿಸ್ತು ಮೊದಲ ಮಳೆಗೇ ಕೊಚ್ಚಿಹೋಗುತ್ತದೆ.

ಹಾಗಾದರೆ ನೌಕರರ ನಡತೆ ಬದಲಾಗುವುದು ಯಾವುದರಿಂದ? ಸಾಮಾನ್ಯವಾಗಿ ಆಡಳಿತ ಮಂಡಳಿಗಳು ಮಾಡುವುದು ಎರಡು: ಒಂದು ಸುತ್ತೋಲೆ, ಇಲ್ಲವೆ ಸ್ವಿಚ್ಚಿನ ಮೇಲೆ ಒಂದು ಚೀಟಿ. ಸುತ್ತೋಲೆಗೆ ಸಹಿ ಬೀಳುತ್ತದೆ. ಚೀಟಿ ಒಂದು ತಿಂಗಳು ಕಾಣುತ್ತದೆ, ಆಮೇಲೆ ಗೋಡೆಯ ಬಣ್ಣವಾಗುತ್ತದೆ. ಅಮೆರಿಕದ ಸಂಶೋಧಕರು ಹೋಟೆಲಿನ ಕೋಣೆಗಳಲ್ಲಿ ಒಂದು ಪ್ರಯೋಗ ಮಾಡಿ 2008ರಲ್ಲಿ ಪ್ರಕಟಿಸಿದರು. ಪರಿಸರ ಉಳಿಸಲು ಟವೆಲನ್ನು ಮತ್ತೆ ಬಳಸಿರಿ ಎಂಬ ಫಲಕಕ್ಕಿಂತ, ಇಲ್ಲಿ ತಂಗಿದ ಹೆಚ್ಚಿನವರು ಟವೆಲನ್ನು ಮತ್ತೆ ಬಳಸಿದ್ದಾರೆ ಎಂಬ ಫಲಕಕ್ಕೆ ಜನ ಹೆಚ್ಚು ಓಗೊಟ್ಟರು. ಮನುಷ್ಯ ಬೋಧೆಯನ್ನು ಕೇಳುತ್ತಾನೆ, ಅನುಸರಿಸುವುದು ಮಾತ್ರ ಪಕ್ಕದವನನ್ನು. ಕಚೇರಿಯಲ್ಲಾದರೆ ಪಕ್ಕದವನಿಗಿಂತ ಮೇಲಿನವನನ್ನು.

ಆದ್ದರಿಂದಲೇ ಮೇಲಿನವರ ಕೋಣೆಯ ಮಾತು ಮೊದಲು ಬರಬೇಕು. ಒಂದೂವರೆ ಟನ್ನಿನ ಎ.ಸಿ. ಭರದಿಂದ ಓಡುವಾಗ ಗಂಟೆಗೆ ಸುಮಾರು ಒಂದೂವರೆ ಯೂನಿಟ್ ಎಳೆಯುತ್ತದೆ. ಅಷ್ಟು ವಿದ್ಯುತ್ತಿನಲ್ಲಿ ಜವಾನರ ತಲೆಯ ಮೇಲಿನ ಫ್ಯಾನು 20 ಗಂಟೆ ತಿರುಗುತ್ತದೆ. ಪ್ರಾಚಾರ್ಯರು ಸಭೆಗೆ ಹೋದಾಗಲೂ ಕೋಣೆ ತಂಪಾಗಿರಲೆಂದು ಎ.ಸಿ. ಓಡುತ್ತಿದ್ದರೆ, ಹೊರಗೆ ಸ್ಟೂಲಿನ ಮೇಲೆ ಕುಳಿತ ಜವಾನರಿಗೆ ಫ್ಯಾನು ಆರಿಸಿ ಎಂದು ಹೇಳುವ ನೈತಿಕ ಹಕ್ಕು ಯಾರಿಗಿದೆ? 2020ರ ಜನವರಿಯಿಂದ ತಯಾರಾಗುವ ಕೋಣೆಯ ಎ.ಸಿ.ಗಳು ಹಾಕಿದೊಡನೆ 24 ಡಿಗ್ರಿಯಲ್ಲಿ ನಿಲ್ಲಬೇಕೆಂದು ಕೇಂದ್ರದ ಇಂಧನ ದಕ್ಷತೆ ಬ್ಯೂರೋ ನಿಯಮ ಮಾಡಿದೆ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ. 6ರಷ್ಟು ವಿದ್ಯುತ್ ಉಳಿಯುತ್ತದೆಂಬುದು ಅದೇ ಬ್ಯೂರೋದ ಲೆಕ್ಕ. ಅದನ್ನು 18ಕ್ಕೆ ಇಳಿಸಿ ಶಾಲು ಹೊದ್ದು ಕೂರುವ ಅಧಿಕಾರಿಗಳನ್ನು ಓದುಗರೂ ಕಂಡಿರಬಹುದು.

ಇಲ್ಲಿ ಆಯ್ದಕ್ಕಿ ಮಾರಯ್ಯನವರ ಪ್ರಸಂಗ ನೆನಪಾಗುತ್ತದೆ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವರ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮನವರು ಅದನ್ನು ಒಪ್ಪಲಿಲ್ಲ. ಬೇಕಾದಷ್ಟನ್ನು ಇಟ್ಟುಕೊಂಡು ಹೆಚ್ಚಿನದನ್ನು ತಂದಲ್ಲಿಯೇ ಚೆಲ್ಲಿ ಬರಲು ಹೇಳಿದರು, ಮಾರಯ್ಯನವರು ಹಿಂತಿರುಗಿದರು. ಈ ಕಥೆಯನ್ನು ನಾವು ಸಾಮಾನ್ಯವಾಗಿ ದುರಾಸೆ ಬೇಡ ಎಂಬ ನೀತಿಗೆ ಹೇಳುತ್ತೇವೆ. ಅದರಲ್ಲಿ ಇನ್ನೊಂದು ಸಂಗತಿಯೂ ಇದೆ. ಹೆಚ್ಚಾಯಿತು ಎಂದು ಗುರುತಿಸಿದವರು ಲಕ್ಕಮ್ಮ. ಗುರುತಿಸಿದ್ದನ್ನು ಅವರು ಬಾಯಿಬಿಟ್ಟು ಹೇಳಬಲ್ಲವರಾಗಿದ್ದರು. ಹೇಳಿದ್ದನ್ನು ಕೇಳಿಸಿಕೊಳ್ಳುವ ಕಿವಿ ಎದುರಿಗಿತ್ತು. ಮೂರರಲ್ಲಿ ಒಂದಿಲ್ಲದಿದ್ದರೂ ಆ ಅಕ್ಕಿ ಹಿಂದಕ್ಕೆ ಹೋಗುತ್ತಿರಲಿಲ್ಲ.

ನಮ್ಮ ಸಂಸ್ಥೆಗಳಲ್ಲಿ ಲಕ್ಕಮ್ಮನವರಿಗೆ ಬರಗಾಲವಿಲ್ಲ. ಪ್ರಸಾದ ನಿಲಯದ ಅಡುಗೆಯವರಿಗೆ ಶನಿವಾರ ರಾತ್ರಿ ಅರ್ಧ ಹುಡುಗರು ಊರಿಗೆ ಹೋಗುತ್ತಾರೆಂದು ಗೊತ್ತು. ಆದರೂ ಉಗ್ರಾಣದಿಂದ ಪೂರ್ತಿ ಪಡಿಯೇ ಬರುತ್ತದೆ, ಪೂರ್ತಿ ಅನ್ನವೇ ಬೇಯುತ್ತದೆ, ಭಾನುವಾರ ಬೆಳಿಗ್ಗೆ ತಿಪ್ಪೆಗೆ ಹೋಗುತ್ತದೆ. ರಾತ್ರಿ ಕಾವಲುಗಾರರಿಗೆ ಯಾವ ಪ್ರಯೋಗಾಲಯದ ದೀಪ ಬೆಳಗಿನವರೆಗೆ ಉರಿಯುತ್ತದೆಂದು ಗೊತ್ತು. ಬೀಗದ ಕೈ ಮಾತ್ರ ಅವರ ಬಳಿ ಇಲ್ಲ. ಶೌಚಾಲಯ ತೊಳೆಯುವ ತಾಯಿಗೆ ಯಾವ ನಲ್ಲಿಯ ವಾಷರ್ ಹೋಗಿದೆ ಎಂದು ಗೊತ್ತು. ಹತ್ತಾರು ರೂಪಾಯಿಯ ವಾಷರ್ ತರಿಸಲು ಆಕೆ ಮೇಲ್ವಿಚಾರಕರಿಗೆ, ಅವರು ಕಚೇರಿಗೆ, ಕಚೇರಿ ಸಮಿತಿಗೆ ಹೇಳಬೇಕು. ಮೂರು ಸಲ ಹೇಳಿ ನಾಲ್ಕನೆಯ ಸಲ ಆಕೆ ಸುಮ್ಮನಾಗುತ್ತಾಳೆ. ಆ ಮೌನಕ್ಕೆ ಅಸಡ್ಡೆ ಎಂದು ಹೆಸರಿಟ್ಟು, ಸಿಬ್ಬಂದಿಗೆ ಪರಿಸರ ಜಾಗೃತಿ ಶಿಬಿರ ಏರ್ಪಡಿಸುತ್ತೇವೆ. ಜಾಗೃತಿ ಯಾರಿಗೆ ಬೇಕಿತ್ತು?

ನಮ್ಮ ಅಭಿಪ್ರಾಯದಲ್ಲಿ ನೌಕರರನ್ನು ಪರಿಸರದ ಕಡೆಗೆ ತಿರುಗಿಸುವ ಮೊದಲ ಹೆಜ್ಜೆ ಅವರಿಗೆ ಉಪದೇಶ ಮಾಡುವುದಲ್ಲ, ಅವರು ಈಗಾಗಲೇ ಬಲ್ಲದ್ದನ್ನು ಕೇಳುವುದು, ಕೇಳಿದ್ದಕ್ಕೆ ತಕ್ಕ ಅಧಿಕಾರ ಕೊಡುವುದು. ಅಡುಗೆಯವರು ಉಗ್ರಾಣದವರಿಗೆ ಇಂದು ಇಷ್ಟೇ ಸಾಕು ಎಂದು ಹೇಳಬಲ್ಲವರಾಗಲಿ. ಕಾವಲುಗಾರರಿಗೆ ಮುಖ್ಯ ಸ್ವಿಚ್ಚು ಆರಿಸುವ ಅಪ್ಪಣೆ ಇರಲಿ. ಸಣ್ಣ ರಿಪೇರಿಗೆ ಒಂದಿಷ್ಟು ಹಣ ಸಮಿತಿಯ ಮುಖ ನೋಡದೆ ಸಿಗಲಿ.

ಕಸದ ವಿಷಯಕ್ಕೆ ಬಂದರೆ ಇದು ವಿದ್ಯುತ್ತಿನ ಬಿಲ್ಲಿಗಿಂತ ಗಂಭೀರವಾದ ಮಾತಾಗುತ್ತದೆ. ಅದರಲ್ಲೂ ಆಸ್ಪತ್ರೆಗಳಲ್ಲಿ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ನಾಲ್ಕು ಬಣ್ಣ ಹೇಳುತ್ತವೆ. ರಕ್ತ, ಅಂಗಾಂಶ ಮುಂತಾದವುಗಳಿಗೆ ಹಳದಿ, ಟ್ಯೂಬು ಮತ್ತು ಪ್ಲಾಸ್ಟಿಕ್ಕಿಗೆ ಕೆಂಪು, ಗಾಜಿಗೆ ನೀಲಿ, ಸೂಜಿ ಬ್ಲೇಡುಗಳಿಗೆ ಚುಚ್ಚಿದರೂ ತೂತಾಗದ ಬಿಳಿಯ ಡಬ್ಬಿ. ಇದನ್ನು ಓದಲು ಎರಡು ನಿಮಿಷ ಸಾಕು, ಗೋಡೆಗೆ ಅಂಟಿಸಿಯೂ ಇರುತ್ತಾರೆ. ಆದರೂ ಅವಸರದಲ್ಲಿ ಒಂದು ಸೂಜಿ ಸಾದಾ ಕಸದ ಚೀಲಕ್ಕೆ ಬೀಳುತ್ತದೆ. ಬೀಳಿಸಿದ ಕೈ ಓದಿದ ಕೈ. ಆ ಚೀಲವನ್ನು ಗಂಟು ಕಟ್ಟಿ ಎತ್ತುವುದು ಇನ್ನೊಂದು ಕೈ. ಚುಚ್ಚಿದ ಸೂಜಿಯಿಂದ ಹೆಪಟೈಟಿಸ್ ಬಿ, ಸಿ, ಎಚ್.ಐ.ವಿ. ದಾಟಬಹುದು. ಆ ಇನ್ನೊಂದು ಕೈಯವರು ಬಹುಪಾಲು ಗುತ್ತಿಗೆಯವರು. ರಜೆ ಹಾಕಿದರೆ ಸಂಬಳ ಕಡಿತ, ಚುಚ್ಚಿತೆಂದು ಹೇಳಿದರೆ ಕೆಲಸ ಹೋದೀತೆಂಬ ಅಂಜಿಕೆ.

ಕಸ ಬೇರ್ಪಡಿಸುವುದು ಪರಿಸರದ ಕೆಲಸವೆಂದು ನಾವು ಹೇಳುತ್ತೇವೆ. ಹೌದು. ಅದು ಸಮತೆಯ ಕೆಲಸವೂ ಹೌದು. ಯಾವ ಕಾಯಕವೂ ಕೀಳಲ್ಲವೆಂದು ವೇದಿಕೆಯಲ್ಲಿ ಹೇಳಿ, ಹಸಿ ಒಣ ಕಸ ಒಟ್ಟಿಗೆ ಸುರಿದು, ಅದನ್ನು ಕೈಯಿಂದ ಬಿಡಿಸುವ ಕೆಲಸ ಒಬ್ಬ ತಾಯಿಗೆ ಬಿಟ್ಟು ಹೋದರೆ ಆ ಮಾತಿಗೆ ಏನು ಬೆಲೆ? ಹಸಿ, ಒಣ, ಅಪಾಯಕಾರಿ ಎಂದು ಮೂರಾಗಿ ಬೇರ್ಪಡಿಸುವ ಹೊಣೆ ಕಸ ಹುಟ್ಟಿಸಿದವರದೇ ಎಂದು 2016ರ ಘನತ್ಯಾಜ್ಯ ನಿಯಮಗಳೂ ಹೇಳಿದವು, ಗುಡಿಸುವವರದೆಂದು ಹೇಳಲಿಲ್ಲ. ತಾನು ಊಟ ಮಾಡಿದ ಡಬ್ಬಿಯ ಸಿಪ್ಪೆಯನ್ನು ತಾನೇ ಹಸಿಕಸದ ಬುಟ್ಟಿಗೆ ಹಾಕುವ ಪ್ರಾಧ್ಯಾಪಕರು ಒಂದು ಉಪನ್ಯಾಸದಷ್ಟು ಕಲಿಸುತ್ತಾರೆ.

ಇನ್ನು ಸಮಾರಂಭಗಳು. ಈ ಭಾಗದಲ್ಲಿ ನೌಕರರ ತಪ್ಪು ಬಹಳ ಕಡಿಮೆ, ಹೇಳಿದ್ದನ್ನು ಮಾಡುತ್ತಾರಷ್ಟೆ. ಸಂಸ್ಥಾಪಕರ ದಿನ, ಜಯಂತಿ, ಉದ್ಘಾಟನೆ ಯಾವುದೇ ಇರಲಿ, ಹೆಬ್ಬಾಗಿಲಿನಿಂದ ವೇದಿಕೆಯವರೆಗೆ ಫ್ಲೆಕ್ಸ್ ಕಟ್ಟಿಸಿ ಎಂಬ ಆದೇಶ ಮೇಲಿನಿಂದ ಬರುತ್ತದೆ. 2016ರ ಮಾರ್ಚ್ 11ರ ರಾಜ್ಯ ಸರ್ಕಾರದ ಅಧಿಸೂಚನೆ ಕೈಚೀಲವನ್ನಷ್ಟೇ ನಿಷೇಧಿಸಲಿಲ್ಲ. ಫ್ಲೆಕ್ಸ್, ಬ್ಯಾನರ್, ತೋರಣ, ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಅಷ್ಟೇ ಏಕೆ, ಊಟದ ಮೇಜಿಗೆ ಹಾಸುವ ಪ್ಲಾಸ್ಟಿಕ್ ಹಾಳೆ, ಥರ್ಮೋಕೋಲ್ ಸಾಮಾನುಗಳನ್ನೂ ನಿಷೇಧಿಸಿತು. ಹತ್ತು ವರ್ಷದ ಹಿಂದಿನ ಮಾತು ಇದು. ಆ ಹಾಳೆಯ ಮೇಲೆ ಕೂತು ಇಂದಿಗೂ ನಾವು ಪ್ರಸಾದ ಸ್ವೀಕರಿಸುತ್ತಿದ್ದೇವೆ. ಕಚೇರಿಯ ಚಹಾಕ್ಕೆ ಬರುವ ಕಾಗದದ ಲೋಟವೂ ಪೂರ್ತಿ ಕಾಗದವಲ್ಲ, ಒಳಗೆ ಪ್ಲಾಸ್ಟಿಕ್ಕಿನ ತೆಳು ಪದರವಿದೆ. 100 ಮಿಲಿಲೀಟರ್ ಬಿಸಿ ಪಾನೀಯ 15 ನಿಮಿಷ ಅದರಲ್ಲಿದ್ದರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಬಿಡುಗಡೆಯಾಗುತ್ತವೆ ಎಂದು ಖರಗ್‌ಪುರದ ಐಐಟಿಯವರು 2020ರಲ್ಲಿ ಕಂಡುಕೊಂಡರು. ಸ್ಟೀಲಿನ ಲೋಟ ಯಾವ ಮಠದ ಉಗ್ರಾಣದಲ್ಲಿ ಇಲ್ಲ? ಆದರೆ ಅವನ್ನು ತೊಳೆಯುವವರ ಸಂಖ್ಯೆ, ಅವರ ಕೂಲಿ, ಅವರಿಗೆ ಬೇಕಾದ ನೀರು ಮತ್ತು ಜಾಗ ಇವನ್ನು ಲೆಕ್ಕಕ್ಕೆ ಹಿಡಿಯದೆ ಸ್ಟೀಲಿಗೆ ಮರಳಿದರೆ, ಪರಿಸರದ ಭಾರವನ್ನು ಒಬ್ಬಿಬ್ಬರ ಬೆನ್ನಿಗೆ ಹೊರಿಸಿದಂತೆ.

ಈ ಎಚ್ಚರ ಬಹಳ ಮುಖ್ಯ. ಮಿತವ್ಯಯದ ಹೆಸರಿನಲ್ಲಿ ಮೊದಲು ಕಡಿತವಾಗುವುದು ಯಾವಾಗಲೂ ಕೆಳಗಿನವರ ಸೌಲಭ್ಯ. ನೀರು ಉಳಿಸಿ ಎಂದಾಗ ಮಹಿಳಾ ಸಿಬ್ಬಂದಿಯ ಶೌಚಾಲಯದ ನಲ್ಲಿಗೆ ಬೀಗ ಬೀಳುತ್ತದೆ, ಅತಿಥಿಗೃಹದ ಹುಲ್ಲುಹಾಸಿಗೆ ನೀರು ಹೋಗುತ್ತಲೇ ಇರುತ್ತದೆ. ಅದು ಉಳಿತಾಯವಲ್ಲ.

ಎಲ್ಲವನ್ನೂ ನೌಕರರ ನಡತೆಯ ಮೇಲೆ ಹಾಕುವುದೂ ಸರಿಯಲ್ಲ. ಇನ್ಫೊಸಿಸ್ ಸಂಸ್ಥೆ 2008ರಿಂದ ಮುಂದಿನ ಹತ್ತು ಹನ್ನೆರಡು ವರ್ಷಗಳಲ್ಲಿ ತಲಾ ವಿದ್ಯುತ್ ಬಳಕೆಯನ್ನು ಅರ್ಧಕ್ಕಿಂತ ಹೆಚ್ಚು ಇಳಿಸಿತು. ಬರೀ ಚೀಟಿ ಅಂಟಿಸಿ ಇಷ್ಟು ಇಳಿಸಲು ಆಗದು. ಕಟ್ಟಡದ ವಿನ್ಯಾಸ, ಕಿಟಕಿ, ತಂಪು ಮಾಡುವ ವ್ಯವಸ್ಥೆ ಇವುಗಳ ಮೇಲೆ ಅವರು ಹಣ, ಬುದ್ಧಿ ಎರಡನ್ನೂ ಹಾಕಿದರು. ನಮಗೆ ಅಷ್ಟು ಬೇಡ. ಹಳೆಯ ಫ್ಯಾನು ಸುಟ್ಟಾಗ ಅದೇ 75 ವ್ಯಾಟಿನದನ್ನು ತರುವ ಬದಲು 30 ವ್ಯಾಟಿನ ಆಸುಪಾಸಿನ ಬಿ.ಎಲ್.ಡಿ.ಸಿ. ಫ್ಯಾನು ತಂದರೆ ಯಾರ ನಡತೆಯನ್ನೂ ತಿದ್ದದೆ ಅರ್ಧಕ್ಕಿಂತ ಹೆಚ್ಚು ಉಳಿಯುತ್ತದೆ. ಹೊಸ ಕಟ್ಟಡಕ್ಕೆ ದಾನಿಗಳ ಹೆಸರಿನ ಕಲ್ಲು ಕೂರಿಸುವ ಮುನ್ನ ಪೂರ್ವ ಪಶ್ಚಿಮದ ಬಿಸಿಲು ಎಲ್ಲಿ ಬೀಳುತ್ತದೆಂದು ಎಂಜಿನಿಯರರನ್ನು ಕೇಳಬಹುದು. ಇದು ಆಡಳಿತ ಮಂಡಳಿಯ ಪಾಲಿನ ಕೆಲಸ. ಇದನ್ನು ಮಾಡದೆ ಅದು ನೌಕರರನ್ನು ಕೇಳುವಂತಿಲ್ಲ.

ಓದುಗರಲ್ಲಿ ಸಂಸ್ಥೆಗಳ ಆಡಳಿತ ನೋಡುವವರು ಬಹಳ ಮಂದಿ ಇದ್ದೀರಿ. ಹೆಚ್ಚೇನೂ ಖರ್ಚಿಲ್ಲದೆ ಈ ತಿಂಗಳಿಂದಲೇ ಆರಂಭಿಸಬಹುದಾದ್ದನ್ನು ಕೋರುತ್ತೇವೆ. ವಿದ್ಯುತ್ ಬಿಲ್ಲನ್ನು ಸೂಚನಾ ಫಲಕಕ್ಕೆ ಹಾಕಿ, ಪಕ್ಕದಲ್ಲಿ ಕಳೆದ ವರ್ಷದ ಅದೇ ತಿಂಗಳ ಬಿಲ್ಲನ್ನೂ ಹಾಕಿ. ಪ್ರಸಾದ ನಿಲಯದಲ್ಲಿ ಪ್ರತಿ ಹೊತ್ತು ತಟ್ಟೆಯಲ್ಲಿ ಬಿಟ್ಟದ್ದನ್ನೂ ಪಾತ್ರೆಯಲ್ಲಿ ಉಳಿದದ್ದನ್ನೂ ಬೇರೆ ಬೇರೆ ತೂಗಿ ಕರಿಹಲಗೆಯ ಮೇಲೆ ಬರೆಯಿರಿ. ಮೊದಲನೆಯದು ಮಕ್ಕಳ ಲೆಕ್ಕ, ಎರಡನೆಯದು ನಮ್ಮ ಲೆಕ್ಕ. ತಿಂಗಳಿಗೊಮ್ಮೆ ಗುಡಿಸುವವರು, ಅಡುಗೆಯವರು, ಕಾವಲುಗಾರರು, ಕಚೇರಿಯವರು ಒಟ್ಟಿಗೆ ಒಂದೇ ಎತ್ತರದ ಕುರ್ಚಿಗಳಲ್ಲಿ ಕೂತು ಅರ್ಧ ಗಂಟೆ ಮಾತಾಡಲಿ. ಮೊದಲ ಮಾತು ಗುಡಿಸುವವರದಾಗಲಿ. ಬಿಲ್ಲಿನಲ್ಲಿ ಉಳಿದ ಹಣದ ಒಂದು ಪಾಲು ಅವರ ಕೈಗವಸು, ಬೂಟು, ಹೆಪಟೈಟಿಸ್ ಬಿ ಲಸಿಕೆಗೆ ಹೋಗಲಿ.

ಮೂರು ತಿಂಗಳು ಮಾಡಿ ನೋಡಿದ ಮೇಲೆ ನಮಗೆ ಬರೆಯಿರಿ. ಯೂನಿಟ್ಟುಗಳ ಲೆಕ್ಕ, ಕಿಲೋಗಳ ಲೆಕ್ಕ, ಸಭೆಯಲ್ಲಿ ಯಾರು ಏನು ಹೇಳಿದರು ಎಂಬುದು, ಎಲ್ಲವನ್ನೂ ಬರೆಯಿರಿ. ಪತ್ರವನ್ನು ಪ್ರಾಚಾರ್ಯರೇ ಬರೆಯಬೇಕೆಂದಿಲ್ಲ. ಅಡುಗೆಮನೆಯಿಂದ ಬಂದರೆ ಇನ್ನೂ ಸಂತೋಷ. ಬಿಲ್ಲು ಇಳಿಯದಿದ್ದರೂ ಬರೆಯಿರಿ. ಎಲ್ಲಿ ಸಿಕ್ಕಿಹಾಕಿಕೊಂಡಿತು ಎಂಬುದು ಪಕ್ಕದ ತಾಲ್ಲೂಕಿನ ಸಂಸ್ಥೆಗೆ ಉಪಯೋಗಕ್ಕೆ ಬರುತ್ತದೆ.